ಮಂದ ತೈಲ ಮತ್ತು ಅದರ ಮಾದರಿಗಳು: ಒಂದು ಚರಿತ್ರೆ

ಬಾವಿ ಕೊರೆದೊಡನೆ ಕಚ್ಚಾ ತೈಲ ತಾನಾಗಿಯೇ ಚಿಮ್ಮಿ ಬರುತ್ತದೆಂಬ ಕಲ್ಪನೆ ಜಗತ್ತಿನ ತೈಲ ಸಂಪತ್ತಿನ ಒಂದು ಭಾಗಕ್ಕಷ್ಟೇ ಸಲ್ಲುತ್ತದೆ. ಕೆನಡಾದ ಆಲ್ಬರ್ಟಾ, ವೆನೆಜುವೆಲಾದ ಒರಿನೊಕೊ ಪ್ರದೇಶ, ಕ್ಯಾಲಿಫೋರ್ನಿಯಾದ ಕೆರ್ನ್ ನದಿಯ ಸುತ್ತಲಿನ ನೆಲ, ಗುಜರಾತಿನ ಮೆಹ್ಸಾಣಾ ಮುಂತಾದ ಕಡೆಗಳಲ್ಲಿ ಸಿಗುವ ತೈಲ ಭಾರವಾದುದು, ಅಂಟಾದುದು, ನೆಲದಡಿಯ ಮರಳಿನ ಕಣಗಳ ನಡುವೆ ಕಚ್ಚಿಕೊಂಡು ಕುಳಿತಿರುವಂಥದು. ಇದನ್ನು ಮಂದ ತೈಲವೆಂದು ಕರೆಯಬಹುದು. ಇದರಲ್ಲಿಯೂ ಅತ್ಯಂತ ಗಟ್ಟಿಯಾದ ಬಗೆಗೆ ಬಿಟುಮೆನ್ ಎಂಬ ಹೆಸರಿದೆ. ದ್ರವವೊಂದು ತನ್ನ ಹರಿವಿಗೆ ತಾನೇ ಒಡ್ಡುವ ಒಳ ತಡೆಗೆ ಸ್ನಿಗ್ಧತೆಯೆಂದು ಹೆಸರು. ಅದನ್ನು ಸೆಂಟಿಪಾಯ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಪಾಯ್ಸ್ ಆದರೆ, ಆಲ್ಬರ್ಟಾದ ಅಥಾಬಾಸ್ಕಾ ಬಿಟುಮೆನ್ನಿನ ಸ್ನಿಗ್ಧತೆ ನೆಲದಡಿಯ ಸಹಜ ತಂಪಿನಲ್ಲಿ 10 ಲಕ್ಷವನ್ನೂ ಮೀರಬಲ್ಲದು. ಅದೇ ಬಿಟುಮೆನ್ನನ್ನು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆ ಸಂಖ್ಯೆ 10ರ ಆಸುಪಾಸಿಗೆ ಕುಸಿಯುತ್ತದೆ. ಚಳಿಗೆ ಬಿಗಿದುಕೊಂಡ ಜೋನಿಬೆಲ್ಲ ಒಲೆಯ ಮೇಲಿಟ್ಟೊಡನೆ ನೀರಾಗುವ ಈ ಗುಣವೇ ಮಂದ ತೈಲದ ಉದ್ಯಮಕ್ಕೆಲ್ಲ ಮೂಲಾಧಾರ.

ನೆಲದಡಿ ಇರುವ ಒಟ್ಟು ತೈಲದಲ್ಲಿ ಎಷ್ಟು ಮೇಲಕ್ಕೆ ಬರುತ್ತದೆ ಎಂಬುದನ್ನು ದಕ್ಕುವ ಪಾಲು ಎನ್ನಬಹುದು. ಹಗುರ ತೈಲದಲ್ಲಿ ಮೂರನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ದಕ್ಕುವುದು ಸಾಮಾನ್ಯವಾದರೆ, ಮಂದ ತೈಲವನ್ನು ಅದರ ಪಾಡಿಗೆ ಬಿಟ್ಟಾಗ ನೂರಕ್ಕೆ ಹತ್ತು ಪಾಲು ದಕ್ಕುವುದೂ ಕಷ್ಟ, ಬಿಟುಮೆನ್ನಿನಲ್ಲಂತೂ ಬಹುಮಟ್ಟಿಗೆ ಏನೂ ದಕ್ಕುವುದಿಲ್ಲ. ಈ ಪಾಲನ್ನು ಹೆಚ್ಚಿಸಲು ಉಗಿ ಹಾಯಿಸುವುದು, ನೆಲದಡಿಯಲ್ಲೇ ಬೆಂಕಿ ಹೊತ್ತಿಸುವುದು, ಕರಗಿಸುವ ದ್ರಾವಕಗಳನ್ನು ತುಂಬುವುದು ಮೊದಲಾದ ಉಪಾಯಗಳು ಹುಟ್ಟಿಕೊಂಡವು. ಪ್ರತಿಯೊಂದು ಉಪಾಯಕ್ಕೂ ಅಪಾರ ಬಂಡವಾಳ ಬೇಕು, ಫಲ ಕಾಣಲು ವರ್ಷಗಳು ಹಿಡಿಯುತ್ತವೆ, ನಡೆಯುವುದೆಲ್ಲವೂ ಕಣ್ಣಿಗೆ ಕಾಣದ ಆಳದಲ್ಲಿ. ಆದುದರಿಂದ ಹಣ ಸುರಿಯುವ ಮುನ್ನವೇ ನೆಲದಡಿಯ ಹರಿವನ್ನು ಬೇರೊಂದು ರೂಪದಲ್ಲಿ ಕಟ್ಟಿ ನೋಡುವ ಅಗತ್ಯ ಬಿದ್ದಿತು. ಹಾಗೆ ಕಟ್ಟಿ ನೋಡುವ ರೂಪವೇ ಮಾದರಿ. ಅದು ಗಾಜಿನ ಪೆಟ್ಟಿಗೆಯಲ್ಲಿ ತುಂಬಿದ ಮರಳಾಗಬಹುದು, ಕಾಗದದ ಮೇಲಿನ ಸಮೀಕರಣವಾಗಬಹುದು ಅಥವಾ ಗಣಕಯಂತ್ರದೊಳಗಿನ ಲಕ್ಷಾಂತರ ಅಂಕಿಗಳಾಗಬಹುದು. ಈ ಮೂರು ಬಗೆಯ ಮಾದರಿಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತ, ಆಗಾಗ ನೆಲದಿಂದ ಪೆಟ್ಟು ತಿನ್ನುತ್ತ ಬೆಳೆದುಬಂದ ಬಗೆಯೇ ಮಂದ ತೈಲದ ತಾಂತ್ರಿಕ ಚರಿತ್ರೆಯ ತಿರುಳು.

ಈ ಚರಿತ್ರೆಯ ಮೊದಲ ಹೆಜ್ಜೆಗೂ ತೈಲಕ್ಕೂ ನೇರ ಸಂಬಂಧವಿಲ್ಲ. ಫ್ರಾನ್ಸಿನ ದಿಜೊನ್ ನಗರಕ್ಕೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ ಎಂಜಿನಿಯರ್ ಆನ್ರಿ ಡಾರ್ಸಿ, ಮರಳಿನ ಸೋಸುಕಗಳ ಅಳತೆಯನ್ನು ನಿಗದಿಪಡಿಸುವ ಸಲುವಾಗಿ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಕೊಳವೆಯಲ್ಲಿ ಮರಳು ತುಂಬಿ, ಅದರ ಮೂಲಕ ನೀರು ಹಾಯಿಸಿ, 1856ರಲ್ಲಿ ತನ್ನ ಗ್ರಂಥದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ. ಮರಳಿನ ಎರಡು ತುದಿಗಳ ನಡುವಿನ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಂತೆ ಹರಿವು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಮರಳಿನ ಉದ್ದ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದು ಅವನು ಕಂಡುಕೊಂಡ ನಿಯಮ. ಶಿಲೆ ಅಥವಾ ಮರಳು ತನ್ನ ಮೂಲಕ ದ್ರವವನ್ನು ಹಾದುಹೋಗಲು ಬಿಡುವ ಗುಣವನ್ನು ಪಾರಗಮ್ಯತೆ ಎನ್ನುತ್ತಾರೆ. ಅದರ ಮಾನಕ್ಕೆ ಡಾರ್ಸಿ ಎಂಬ ಹೆಸರೇ ಉಳಿದಿದೆ. ಕುಡಿಯುವ ನೀರಿಗಾಗಿ ಹುಟ್ಟಿದ ಈ ನಿಯಮವಿಲ್ಲದೆ ಇಂದಿನ ಯಾವ ತೈಲ ನಿಕ್ಷೇಪದ ಲೆಕ್ಕವೂ ಒಂದು ಹೆಜ್ಜೆ ಮುಂದೆ ಸಾಗದು.

ಡಾರ್ಸಿಯ ನಿಯಮವನ್ನು ತೈಲಕ್ಕೆ ಒಗ್ಗಿಸಿದವರು 20ನೆಯ ಶತಮಾನದ ಮೂರನೆಯ ಮತ್ತು ನಾಲ್ಕನೆಯ ದಶಕಗಳ ಅಮೆರಿಕದ ಸಂಶೋಧಕರು. ನೆಲದಡಿಯ ಒಂದೇ ರಂಧ್ರದಲ್ಲಿ ತೈಲ, ನೀರು, ಅನಿಲಗಳು ಒಟ್ಟಿಗೆ ಇರುವುದರಿಂದ ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತದೆ. ಎಷ್ಟು ಅಡ್ಡ ಬರುತ್ತದೆಂಬುದನ್ನು ವೈಕಾಫ್ ಮತ್ತು ಬಾಟ್ಸೆಟ್ ಎಂಬವರು ಮರಳಿನ ಕೊಳವೆಗಳಲ್ಲಿ ಅಳೆದು 1936ರಲ್ಲಿ ಪ್ರಕಟಿಸಿದರು. ಅವರ ಸಹೋದ್ಯೋಗಿಯಾಗಿದ್ದ ಭೌತವಿಜ್ಞಾನಿ ಮಾರಿಸ್ ಮಸ್ಕಟ್ 1937ರಲ್ಲಿ ಹೊರತಂದ ಬೃಹತ್ ಗ್ರಂಥ ರಂಧ್ರಯುಕ್ತ ಮಾಧ್ಯಮಗಳ ಹರಿವಿನ ಗಣಿತವನ್ನು ಒಂದು ಶಾಸ್ತ್ರದ ಮಟ್ಟಕ್ಕೇರಿಸಿತು. 1942ರಲ್ಲಿ ಬಕ್ಲಿ ಮತ್ತು ಲೆವರೆಟ್, ನೀರು ತೈಲವನ್ನು ತಳ್ಳಿಕೊಂಡು ಸಾಗುವಾಗ ಅದರ ಮುಂಚೂಣಿ ಹೇಗೆ ಚಲಿಸುತ್ತದೆಂಬುದಕ್ಕೆ ಲೆಕ್ಕ ಕೊಟ್ಟರು. ತಳ್ಳುವ ನೀರಿಗಿಂತ ತೈಲದ ಸ್ನಿಗ್ಧತೆ ಬಹಳ ಹೆಚ್ಚಾಗಿದ್ದರೆ ನೀರು ತೈಲವನ್ನು ಹಿಂದೆ ಬಿಟ್ಟು, ಸಂದುಗೊಂದುಗಳಲ್ಲಿ ದಾರಿ ಮಾಡಿಕೊಂಡು ಬಲುಬೇಗ ಬಾವಿಗೆ ನುಗ್ಗುತ್ತದೆಂಬುದು ಆ ಲೆಕ್ಕದಿಂದಲೇ ಸ್ಪಷ್ಟವಾಯಿತು. ಮಂದ ತೈಲವನ್ನು ಬರೀ ತಣ್ಣೀರಿನಿಂದ ತಳ್ಳಿ ಫಲವಿಲ್ಲವೆಂಬ ತೀರ್ಮಾನಕ್ಕೆ ಹೀಗೆ ಗಣಿತದ ಆಧಾರ ಸಿಕ್ಕಿತು.

ಸಮೀಕರಣಗಳು ಸಿದ್ಧವಾದರೂ ಅವುಗಳನ್ನು ಬಿಡಿಸುವ ಯಂತ್ರಗಳು ಇನ್ನೂ ಬಂದಿರಲಿಲ್ಲ. ಆ ಕೊರತೆಯನ್ನು ನೀಗಿಸಿದ್ದು ವಿದ್ಯುತ್ತು. ಮರಳಿನಲ್ಲಿ ದ್ರವ ಹರಿಯುವ ನಿಯಮಕ್ಕೂ ತಂತಿಯಲ್ಲಿ ವಿದ್ಯುತ್ ಹರಿಯುವ ನಿಯಮಕ್ಕೂ ಗಣಿತದ ರೂಪ ಒಂದೇ ಆಗಿರುವುದರಿಂದ, ಒಂದರ ಉತ್ತರವನ್ನು ಇನ್ನೊಂದರಲ್ಲಿ ಓದಿಕೊಳ್ಳಬಹುದಾಗಿತ್ತು. ತೈಲಕ್ಷೇತ್ರದ ಆಕಾರಕ್ಕೆ ತಕ್ಕ ತಟ್ಟೆಯಲ್ಲಿ ಲವಣ ಬೆರೆಸಿದ ಜೆಲಟಿನ್ ಹರಡಿ, ಬಾವಿಗಳಿರುವ ಜಾಗದಲ್ಲಿ ವಿದ್ಯುದ್ವಾರಗಳನ್ನು ನೆಟ್ಟು, ವಿದ್ಯುತ್ ಹಾಯಿಸಿದರೆ ನೀಲಿ ಬಣ್ಣದ ತಾಮ್ರದ ಅಯಾನುಗಳು ಒಂದು ಬಾವಿಯಿಂದ ಇನ್ನೊಂದರತ್ತ ನಿಧಾನವಾಗಿ ಹರಡುತ್ತಿದ್ದವು. ಆ ನೀಲಿಯ ಅಂಚೇ ನೆಲದಡಿಯ ನೀರಿನ ಮುಂಚೂಣಿ; ಅದು ಯಾವ ಮೂಲೆಯನ್ನು ಮುಟ್ಟದೆ ಬಿಟ್ಟಿತೋ ಅಲ್ಲಿನ ತೈಲ ದಕ್ಕದೆ ಉಳಿಯುತ್ತದೆಂದು ಓದಿಕೊಳ್ಳಬೇಕು. ಇದೇ ಜಾಡಿನಲ್ಲಿ 1943ರಲ್ಲಿ ಬ್ರೂಸ್ ಎಂಬ ಸಂಶೋಧಕ, ವಿದ್ಯುತ್ ರೋಧಕಗಳನ್ನೂ ವಿದ್ಯುತ್ ಸಂಗ್ರಾಹಕಗಳನ್ನೂ ಜೋಡಿಸಿ ತೈಲ ನಿಕ್ಷೇಪದ ಒತ್ತಡದ ಏರಿಳಿತವನ್ನು ಅನುಕರಿಸುವ ಉಪಕರಣವನ್ನು ಪ್ರಕಟಿಸಿದ. ಆದರೆ ಈ ಮಾದರಿಗಳಲ್ಲಿ ಶಾಖಕ್ಕೆ ಜಾಗವಿರಲಿಲ್ಲ. ತಳ್ಳುವ ದ್ರವ ಮತ್ತು ತಳ್ಳಿಸಿಕೊಳ್ಳುವ ದ್ರವ ಎರಡೂ ಸಮಾನ ಸರಾಗವಾಗಿ ಹರಿಯುತ್ತವೆಂಬ ಊಹೆಯ ಮೇಲೆ ಜೆಲಟಿನ್ ತಟ್ಟೆ ನಿಂತಿತ್ತು. ಮಂದ ತೈಲದಲ್ಲಿ ಸುಳ್ಳಾಗುವುದು ಆ ಊಹೆಯೇ.

ಮಾದರಿಕಾರರು ಹೀಗೆ ಹಗುರ ತೈಲದಲ್ಲಿ ತೊಡಗಿದ್ದಾಗ ಆಲ್ಬರ್ಟಾದಲ್ಲಿ ಬಿಟುಮೆನ್ನಿನ ಪ್ರಶ್ನೆ ಬೇರೆಯೇ ದಾರಿ ಹಿಡಿದಿತ್ತು. ಅಥಾಬಾಸ್ಕಾ ನದಿಯ ದಂಡೆಗಳಲ್ಲಿ ಒಸರುವ ಈ ಕಪ್ಪು ವಸ್ತುವನ್ನು ಅಲ್ಲಿನ ಮೂಲನಿವಾಸಿಗಳು ಮರದ ಅಂಟಿನೊಂದಿಗೆ ಬೆರೆಸಿ ದೋಣಿಗಳ ಬಿರುಕು ಮುಚ್ಚಲು ಬಳಸುತ್ತಿದ್ದುದನ್ನು 18ನೆಯ ಶತಮಾನದ ಕೊನೆಯಲ್ಲಿ ಅನ್ವೇಷಕ ಅಲೆಕ್ಸಾಂಡರ್ ಮೆಕೆಂಜಿ ದಾಖಲಿಸಿದ್ದಾನೆ. ಬಿಟುಮೆನ್ ಒಸರುವ ಜಾಗಗಳಲ್ಲಿ 20 ಅಡಿಯ ಗಳು ತಡೆಯಿಲ್ಲದೆ ಇಳಿಯುತ್ತಿತ್ತೆಂದೂ ಅವನು ಬರೆದಿದ್ದಾನೆ. 1920ರ ದಶಕದಲ್ಲಿ ಆಲ್ಬರ್ಟಾ ಸಂಶೋಧನಾ ಮಂಡಳಿಯ ಕಾರ್ಲ್ ಕ್ಲಾರ್ಕ್, ಅಗೆದು ತಂದ ಮರಳನ್ನು ಬಿಸಿನೀರು ಮತ್ತು ಕ್ಷಾರದೊಂದಿಗೆ ಕದಡಿದರೆ ಬಿಟುಮೆನ್ ನೊರೆಯಾಗಿ ಮೇಲೇಳುತ್ತದೆಂದು ತೋರಿಸಿ, 1929ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆ ವಿಧಾನದ ಆಧಾರದ ಮೇಲೆ ಮೊದಲ ದೊಡ್ಡ ವಾಣಿಜ್ಯ ಸ್ಥಾವರ 1967ರಲ್ಲಿ ಆರಂಭವಾಯಿತು. ಕ್ಲಾರ್ಕ್ ಅದಕ್ಕೆ ಕೆಲವೇ ತಿಂಗಳ ಹಿಂದೆ, 1966ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದ. ಆದರೆ ಅಗೆಯುವ ವಿಧಾನಕ್ಕೆ ಒಂದು ಎಲ್ಲೆಯಿದೆ. ಮೇಲಿನ ಮಣ್ಣಿನ ಹೊದಿಕೆ ಸುಮಾರು 75 ಮೀಟರಿಗಿಂತ ದಪ್ಪವಾಗಿರುವಲ್ಲಿ ತೆರೆದ ಗಣಿ ಲಾಭಕರವಲ್ಲ; ಆಲ್ಬರ್ಟಾದ ಬಿಟುಮೆನ್ನಿನಲ್ಲಿ ಐದನೆಯ ನಾಲ್ಕು ಭಾಗ ಅದಕ್ಕಿಂತ ಆಳದಲ್ಲಿದೆ.

ಆ ಆಳದ ಸಂಪತ್ತಿನ ಮುಂದೆ ಹತಾಶೆ ಯಾವ ಮಟ್ಟಕ್ಕೆ ಹೋಗಿತ್ತೆಂಬುದಕ್ಕೆ 1950ರ ದಶಕದ ಕೊನೆಯ ಒಂದು ಯೋಜನೆ ಸಾಕ್ಷಿ. ಅಮೆರಿಕದ ತೈಲ ಕಂಪನಿಯೊಂದರ ಭೂವಿಜ್ಞಾನಿ ಮ್ಯಾನ್ಲಿ ನ್ಯಾಟ್‌ಲ್ಯಾಂಡ್, ಬಿಟುಮೆನ್ ಪದರದ ಅಡಿಯಲ್ಲಿ 9 ಕಿಲೋಟನ್ ಶಕ್ತಿಯ ಪರಮಾಣು ಸಾಧನವೊಂದನ್ನು ಸ್ಫೋಟಿಸಿ, ಆ ಶಾಖದಿಂದ ಬಿಟುಮೆನ್ ಕರಗಿಸಿ ಮೇಲೆತ್ತಬಹುದೆಂದು ಸೂಚಿಸಿದ. ಸೂಚನೆಯನ್ನು ಆಲ್ಬರ್ಟಾದ ಅಧಿಕಾರಿಗಳು ಗಂಭೀರವಾಗಿಯೇ ಪರಿಶೀಲಿಸಿದರು. ಪರಮಾಣು ಪರೀಕ್ಷೆಗಳ ವಿರುದ್ಧ ಕೆನಡಾ ತಳೆದ ನಿಲುವಿನಿಂದಾಗಿ 1960ರ ದಶಕದ ಆರಂಭದಲ್ಲಿ ಅದು ಕೈಬಿಟ್ಟುಹೋಯಿತು. ಒಂದೇ ಏಟಿಗೆ ಬಿಡುಗಡೆಯಾಗುವ ಶಾಖ ಎಲ್ಲಿಗೆ ಹರಡುತ್ತದೆ, ಕರಗಿದ ತೈಲ ಯಾವ ದಾರಿಯಲ್ಲಿ ಬಾವಿಗೆ ಬರುತ್ತದೆ ಎಂಬ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಅಂದಾಜಿನ ಉತ್ತರವಿತ್ತು, ಎರಡನೆಯದಕ್ಕೆ ಇರಲಿಲ್ಲ.

ಉಗಿಯ ಬಳಕೆಗೆ ತಿರುವು ಕೊಟ್ಟದ್ದು ಲೆಕ್ಕಾಚಾರವಲ್ಲ, ಆಕಸ್ಮಿಕ. 1959ರಲ್ಲಿ ವೆನೆಜುವೆಲಾದ ಮೆನೆ ಗ್ರಾಂದೆ ಕ್ಷೇತ್ರದಲ್ಲಿ ಶೆಲ್ ಕಂಪನಿ ಬಾವಿಗಳ ಮೂಲಕ ಉಗಿ ತುಂಬಿ ಅದರಿಂದ ತೈಲವನ್ನು ಬೇರೆ ಬಾವಿಗಳತ್ತ ತಳ್ಳುವ ಪ್ರಯೋಗ ನಡೆಸುತ್ತಿದ್ದಾಗ, ಒತ್ತಡ ಮಿತಿಮೀರಿ ಉಗಿ ನೆಲವನ್ನು ಭೇದಿಸಿ ಹೊರನುಗ್ಗಿತು. ಒತ್ತಡ ಇಳಿಸಲೆಂದು ಉಗಿ ತುಂಬುವ ಬಾವಿಗಳನ್ನೇ ಹಿಮ್ಮುಖವಾಗಿ ತೆರೆದಾಗ ಅವುಗಳಿಂದ ಧಾರಾಳವಾಗಿ ತೈಲ ಬಂದಿತು. ಒಂದೇ ಬಾವಿಯಲ್ಲಿ ಕೆಲವು ವಾರ ಉಗಿ ತುಂಬಿ, ಕೆಲಕಾಲ ಮುಚ್ಚಿಟ್ಟು, ಬಳಿಕ ಅದೇ ಬಾವಿಯಿಂದ ತೈಲ ಎತ್ತುವ ಆವರ್ತಕ ಉಗಿ ವಿಧಾನ ಹೀಗೆ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಕ್ಯಾಲಿಫೋರ್ನಿಯಾಕ್ಕೂ ಅನಂತರ ಆಲ್ಬರ್ಟಾದ ಕೋಲ್ಡ್ ಲೇಕ್ ಕ್ಷೇತ್ರಕ್ಕೂ ಹರಡಿತು.

ವಿಧಾನ ಮೊದಲು ಬಂದು ವಿವರಣೆ ಬೆನ್ನಟ್ಟಿ ಬಂದ ಕಾಲವದು. ಅದೇ 1959ರಲ್ಲಿ ಮಾರ್ಕ್ಸ್ ಮತ್ತು ಲ್ಯಾಂಗನ್‌ಹೈಮ್ ಎಂಬಿಬ್ಬರು, ತುಂಬಿದ ಶಾಖದಲ್ಲಿ ಎಷ್ಟು ತೈಲದ ಪದರದಲ್ಲಿ ಉಳಿಯುತ್ತದೆ, ಎಷ್ಟು ಅದರ ಮೇಲಿನ ಮತ್ತು ಕೆಳಗಿನ ಶಿಲೆಗಳಿಗೆ ಸೋರಿಹೋಗುತ್ತದೆ ಎಂಬುದಕ್ಕೆ ಸರಳವಾದ ಶಾಖದ ಜಮಾಖರ್ಚನ್ನು ಕೊಟ್ಟರು. ಬಿಸಿಯಾದ ಪ್ರದೇಶ ಅಗಲವಾದಷ್ಟೂ ಸೋರಿಕೆಯ ಮೈ ದೊಡ್ಡದಾಗುತ್ತದೆ. ಆದ್ದರಿಂದ ಒಂದು ಹಂತದ ಬಳಿಕ ತುಂಬಿದ ಉಗಿಯ ಬಹುಪಾಲು ಬರಿಯ ಬಂಡೆಯನ್ನು ಕಾಯಿಸಲು ವ್ಯಯವಾಗುತ್ತದೆ. ತೆಳು ಪದರಗಳಲ್ಲಿ ಉಗಿ ತುಂಬುವುದು ನಷ್ಟದ ಬಾಬತ್ತೆಂಬ ಎಚ್ಚರಿಕೆ ಇದರಿಂದ ಬಂದಿತು, ಇಂದಿಗೂ ಅದು ಕ್ಷೇತ್ರದ ಆಯ್ಕೆಯಲ್ಲಿ ಮೊದಲ ಜರಡಿ. 1966ರಲ್ಲಿ ಬೋಬರ್ಗ್ ಮತ್ತು ಲ್ಯಾಂಟ್ಸ್ ಆವರ್ತಕ ಉಗಿ ವಿಧಾನದಲ್ಲಿ ಪ್ರತಿ ಸುತ್ತಿಗೂ ಎಷ್ಟು ತೈಲ ಬರಬಹುದೆಂಬ ಲೆಕ್ಕವನ್ನು ಸಿದ್ಧಪಡಿಸಿದರು. ಆದರೆ ಈ ವಿಧಾನದಲ್ಲಿ ಸುತ್ತುಗಳು ಹೆಚ್ಚಿದಂತೆ ಫಲ ಇಳಿಯುತ್ತ ಬಂದು, ಬಾವಿಯ ಸುತ್ತಲಿನ ತೈಲವಷ್ಟೇ ದಕ್ಕಿ, ಎರಡು ಬಾವಿಗಳ ನಡುವಿನ ತೈಲ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತಿತ್ತು.

ವಿವರಣೆ ಮುಂದಾಗಿ ವಿಧಾನ ಹಿಂಬಾಲಿಸಿದ ಅಪರೂಪದ ಪ್ರಸಂಗಕ್ಕೆ ಕಾರಣನಾದವನು ರೋಜರ್ ಬಟ್ಲರ್. 1927ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ರಾಸಾಯನಿಕ ಎಂಜಿನಿಯರಿಂಗ್ ಓದಿ, 1955ರಲ್ಲಿ ಕೆನಡಾದ ಇಂಪೀರಿಯಲ್ ಆಯಿಲ್ ಸೇರಿದ ಈತ, 1960ರ ದಶಕದ ಕೊನೆಯಲ್ಲಿ ತೈಲವನ್ನು ತಳ್ಳುವ ಯೋಚನೆಯನ್ನೇ ಬದಿಗಿಟ್ಟು, ಅದು ತನ್ನ ಭಾರದಿಂದ ತಾನೇ ಕೆಳಗಿಳಿಯುವಂತೆ ಮಾಡಿದರೇನೆಂದು ಕೇಳಿದ. ಪದರದ ತಳದ ಸಮೀಪ ಒಂದರ ಮೇಲೊಂದು, ಸುಮಾರು 5 ಮೀಟರ್ ಅಂತರದಲ್ಲಿ, ಎರಡು ಅಡ್ಡ ಬಾವಿಗಳನ್ನು ಕೊರೆದು, ಮೇಲಿನದರಲ್ಲಿ ಉಗಿ ಬಿಟ್ಟರೆ ಅದು ಏರುತ್ತ ಹರಡುತ್ತ ಉಗಿಯ ಕೋಣೆಯೊಂದನ್ನು ರಚಿಸುತ್ತದೆ. ಕೋಣೆಯ ಅಂಚಿನಲ್ಲಿ ಉಗಿ ತಣಿದು ನೀರಾಗುವಾಗ ಬಿಟ್ಟುಕೊಡುವ ಶಾಖಕ್ಕೆ ಬಿಟುಮೆನ್ ಕರಗಿ, ಆ ನೀರಿನೊಂದಿಗೆ ಅಂಚಿನುದ್ದಕ್ಕೂ ಜಾರಿ ಕೆಳಗಿನ ಬಾವಿಗೆ ಸೇರುತ್ತದೆ. ಉಗಿ ನೆರವಿನ ಗುರುತ್ವ ಬಸಿತವೆಂದು ಕರೆಯಬಹುದಾದ ಈ ವಿಧಾನ ತೈಲ ವಲಯದಲ್ಲಿ ಸ್ಯಾಗ್ಡಿ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾಯಿತು. ಬಟ್ಲರ್ ತನ್ನ ಇಬ್ಬರು ಸಹೋದ್ಯೋಗಿಗಳೊಂದಿಗೆ 1981ರಲ್ಲಿ ಪ್ರಕಟಿಸಿದ ಲೇಖನ ಈ ಹರಿವಿನ ಸಮೀಕರಣವನ್ನು ಕೊಟ್ಟಿತು.

ಆ ಸಮೀಕರಣವನ್ನು ಹತ್ತಿರದಿಂದ ನೋಡಿದರೆ ಒಳ್ಳೆಯ ಮಾದರಿಯ ಗುಣವೇನೆಂಬುದು ತಿಳಿಯುತ್ತದೆ. ಅದರ ಪ್ರಕಾರ ಬಾವಿಗೆ ಬರುವ ತೈಲದ ಪ್ರಮಾಣ ಪದರದ ಎತ್ತರ, ಪಾರಗಮ್ಯತೆ, ಶಿಲೆ ಶಾಖವನ್ನು ಹರಡುವ ವೇಗ, ಗುರುತ್ವ ಇವೆಲ್ಲವುಗಳ ಗುಣಲಬ್ಧದ ವರ್ಗಮೂಲವನ್ನು ಅವಲಂಬಿಸಿದೆ. ಉಗಿಯ ಉಷ್ಣತೆಯಲ್ಲಿ ತೈಲಕ್ಕಿರುವ ಸ್ನಿಗ್ಧತೆ ಹೆಚ್ಚಿದಂತೆ ಅದೇ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುತ್ತದೆ. ವರ್ಗಮೂಲದ ಅರ್ಥವೆಂದರೆ ಪಾರಗಮ್ಯತೆ ನಾಲ್ಕು ಪಟ್ಟಾದರೂ ಉತ್ಪಾದನೆ ಎರಡು ಪಟ್ಟಷ್ಟೇ ಆಗುತ್ತದೆ. ಪಾರಗಮ್ಯತೆಯ ಅಂದಾಜಿನಲ್ಲಿ ತಪ್ಪಾದರೆ ಫಲಿತಾಂಶದ ತಪ್ಪು ಕೂಡ ಅಷ್ಟು ಮೆತ್ತಗಾಗುತ್ತದೆ. ಮೊದಲ ರೂಪದ ಸಮೀಕರಣದಲ್ಲಿ ಒಂದು ಲೋಪವಿತ್ತು: ಲೆಕ್ಕದಂತೆ ಬಿಡಿಸಿದ ಕೋಣೆಯ ಅಂಚಿನ ರೇಖೆ ಕಾಲಕ್ರಮದಲ್ಲಿ ಬಾವಿಯಿಂದ ದೂರ ಸರಿದು, ತಳದಲ್ಲಿ ಕರಗಿದ ತೈಲ ಬಾವಿಗೆ ತಲುಪುವ ದಾರಿಯೇ ಇಲ್ಲದಂತಾಗುತ್ತಿತ್ತು. ಮರಳಿನ ಪೆಟ್ಟಿಗೆಯ ಪ್ರಯೋಗಗಳಲ್ಲಿ ಕಂಡ ಅಂಚು ಬಾವಿಗೇ ಅಂಟಿಕೊಂಡಿರುವುದನ್ನು ಗಮನಿಸಿ, ಅಂಚಿನ ಕೆಳತುದಿಯಿಂದ ಬಾವಿಗೆ ಸ್ಪರ್ಶರೇಖೆ ಎಳೆದು ಸಮೀಕರಣವನ್ನು ತಿದ್ದಲಾಯಿತು. ವರ್ಗಮೂಲದೊಳಗಿನ 2 ಎಂಬ ಸ್ಥಿರಾಂಕ 1.5ಕ್ಕೆ ಇಳಿಯಿತು. ಕಾಗದದ ಮಾದರಿಯನ್ನು ಮರಳಿನ ಮಾದರಿ ಹೀಗೆ ತಿದ್ದಿತು.

ಮರಳಿನ ಪೆಟ್ಟಿಗೆಗೂ ತನ್ನದೇ ಆದ ಇಕ್ಕಟ್ಟುಗಳಿದ್ದವು. ಹತ್ತಾರು ಮೀಟರ್ ದಪ್ಪದ ಪದರವನ್ನು ಮೇಜಿನ ಮೇಲಿನ ಪೆಟ್ಟಿಗೆಗೆ ಇಳಿಸುವಾಗ ಉದ್ದಗಲಗಳನ್ನು ಕುಗ್ಗಿಸಿದರೆ ಸಾಲದು, ಒತ್ತಡ, ಶಾಖ ಮತ್ತು ಕಾಲಗಳನ್ನೂ ಅವುಗಳ ಪರಸ್ಪರ ಅನುಪಾತ ಕೆಡದಂತೆ ಕುಗ್ಗಿಸಬೇಕು. ಶೆಲ್ ಸಂಸ್ಥೆಯ ಸಂಶೋಧಕರು 1980ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇಡೀ ಪೆಟ್ಟಿಗೆಯನ್ನು ವಾತಾವರಣಕ್ಕಿಂತ ಕಡಿಮೆ ಒತ್ತಡದಲ್ಲಿಟ್ಟು, ಕಡಿಮೆ ಉಷ್ಣತೆಯ ಉಗಿಯನ್ನು ಬಳಸಿ ಈ ಅನುಪಾತವನ್ನು ಕಾಯ್ದುಕೊಳ್ಳಲಾಯಿತು. ಕ್ಷೇತ್ರದಲ್ಲಿ ವರ್ಷಗಳು ಹಿಡಿಯುವ ಬದಲಾವಣೆ ಅಂಥ ಪೆಟ್ಟಿಗೆಯಲ್ಲಿ ಗಂಟೆಗಳಲ್ಲಿ ಮುಗಿಯುತ್ತದೆ. ಆದರೂ ಪೆಟ್ಟಿಗೆಯಲ್ಲಿ ತುಂಬಿದ ಮರಳು ಜರಡಿ ಹಿಡಿದ ಏಕರೂಪದ ಮರಳು. ನೆಲದಡಿಯ ಮರಳಿನಲ್ಲಿರುವ ಜೇಡಿಯ ಪೊರೆಗಳು ಅದರಲ್ಲಿಲ್ಲ.

ಬಟ್ಲರನ ಯೋಚನೆಯನ್ನು ಇಂಪೀರಿಯಲ್ ಆಯಿಲ್ 1978ರಲ್ಲಿ ಕೋಲ್ಡ್ ಲೇಕ್‌ನಲ್ಲಿ ಒಂದು ಅಡ್ಡ ಬಾವಿಯ ಮೂಲಕ ಪರೀಕ್ಷಿಸಿತು. ಆದರೆ ಪೂರ್ಣ ಪ್ರಮಾಣದ ಪರೀಕ್ಷೆ ನಡೆದದ್ದು ಸಾರ್ವಜನಿಕ ಹಣದಿಂದ. ಪೀಟರ್ ಲಾಹೀಡ್ ಮುಖ್ಯಸ್ಥರಾಗಿದ್ದ ಆಲ್ಬರ್ಟಾ ಪ್ರಾಂತ ಸರ್ಕಾರ 1974ರಲ್ಲಿ ತೈಲ ಮರಳಿನ ತಂತ್ರಜ್ಞಾನಕ್ಕಾಗಿ ಒಂದು ಸಂಶೋಧನಾ ಪ್ರಾಧಿಕಾರವನ್ನು ಸ್ಥಾಪಿಸಿತ್ತು; ಬಟ್ಲರ್ 1982ರಲ್ಲಿ ಅದನ್ನು ಸೇರಿ, ಮರುವರ್ಷ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಉದ್ದವಾದ ಅಡ್ಡ ಬಾವಿಗಳನ್ನು ನೆಲದ ಮೇಲಿನಿಂದ ಕರಾರುವಾಕ್ಕಾಗಿ ಕೊರೆಯುವ ಕೌಶಲ ಆಗಿನ್ನೂ ಬಲಿತಿರಲಿಲ್ಲವಾದ್ದರಿಂದ, ಪ್ರಾಧಿಕಾರ ಫೋರ್ಟ್ ಮೆಕ್‌ಮರೆಯ ವಾಯವ್ಯಕ್ಕೆ ನೆಟ್ಟನೆಯ ಗಣಿಕೂಪಗಳನ್ನು ಇಳಿಸಿ, ಬಿಟುಮೆನ್ ಪದರದ ಅಡಿಯ ಸುಣ್ಣಕಲ್ಲಿನಲ್ಲಿ ಸುರಂಗಗಳನ್ನು ತೋಡಿತು. ಕೆಲಸಗಾರರು ಆ ಸುರಂಗಗಳಲ್ಲಿ ನಿಂತು ಬಾವಿಗಳನ್ನು ಮೇಲ್ಮುಖವಾಗಿ ಕೊರೆದು, ಪದರದೊಳಗೆ ಹೊಕ್ಕ ಮೇಲೆ ಅಡ್ಡಲಾಗಿ ತಿರುಗಿಸಿದರು. 1987ರಲ್ಲಿ ಉಗಿ ಪಡೆದ ಮೊದಲ ಹಂತದ ಮೂರು ಜೋಡಿ ಬಾವಿಗಳ ಉಪಯುಕ್ತ ಉದ್ದ ತಲಾ 60 ಮೀಟರ್ ಮಾತ್ರ. ಅವುಗಳ ಸುತ್ತ ಹಲವು ವೀಕ್ಷಣಾ ಬಾವಿಗಳನ್ನು ಕೊರೆದು, ಆಳಕ್ಕೊಂದರಂತೆ ಉಷ್ಣಮಾಪಕಗಳನ್ನು ಇಳಿಸಿದ್ದರಿಂದ ಉಗಿಯ ಕೋಣೆ ಯಾವಾಗ ಯಾವ ಮಟ್ಟ ಮುಟ್ಟಿತೆಂಬುದು ಅಂಕಿಗಳಲ್ಲಿ ಕಾಣಿಸಿತು. ಕೋಣೆ ಲೆಕ್ಕದಂತೆಯೇ ಬೆಳೆಯಿತು. ಅದರ ವ್ಯಾಪ್ತಿಯಲ್ಲಿದ್ದ ಬಿಟುಮೆನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದಕ್ಕಿತು. 1990ರ ದಶಕದ ಎರಡನೆಯ ಹಂತದಲ್ಲಿ ಬಾವಿಗಳ ಉದ್ದ ಸುಮಾರು 500 ಮೀಟರಿಗೆ ಏರಿತು. 2001ರಲ್ಲಿ ಫೋಸ್ಟರ್ ಕ್ರೀಕ್‌ನಲ್ಲಿ ಈ ವಿಧಾನದ ಮೊದಲ ವಾಣಿಜ್ಯ ಯೋಜನೆ ಆರಂಭವಾದಾಗ, ಯೋಚನೆ ಹುಟ್ಟಿ ಮೂರು ದಶಕಗಳು ಕಳೆದಿದ್ದವು.

ಗಣಕಯಂತ್ರದ ಮಾದರಿ ಬೆಳೆದದ್ದು ಇದೇ ಅವಧಿಯಲ್ಲಿ, ಇದಕ್ಕೆ ಸಮಾನಾಂತರವಾಗಿ. ಹ್ಯೂಸ್ಟನ್ನಿನ ಹಂಬಲ್ ಆಯಿಲ್ ಸಂಸ್ಥೆಯ ಪೀಸ್‌ಮನ್ ಮತ್ತು ರ‍್ಯಾಚ್‌ಫೋರ್ಡ್ 1955ರಲ್ಲಿ ಪ್ರಕಟಿಸಿದ ಸಂಖ್ಯಾತ್ಮಕ ವಿಧಾನ, ನಿಕ್ಷೇಪವನ್ನು ಚೌಕಗಳಾಗಿ ವಿಭಾಗಿಸಿ ಪ್ರತಿ ಚೌಕದ ಒತ್ತಡವನ್ನು ಅಕ್ಕಪಕ್ಕದ ಚೌಕಗಳೊಂದಿಗೆ ಹೊಂದಿಸುತ್ತ ಕಾಲದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮುಂದುವರಿಯುವ ಕ್ರಮವನ್ನು ಸಾಧ್ಯವಾಗಿಸಿತು. ಮಂದ ತೈಲಕ್ಕೆ ಇದಿಷ್ಟು ಸಾಲದು. ಪ್ರತಿ ಚೌಕದಲ್ಲೂ ಒತ್ತಡದ ಜೊತೆಗೆ ಉಷ್ಣತೆಯನ್ನೂ, ಉಗಿ ಎಷ್ಟು ನೀರಾಯಿತೆಂಬುದನ್ನೂ ಒಮ್ಮೆಗೇ ಬಿಡಿಸಬೇಕು. ಕೀತ್ ಕೋಟ್ಸ್ ಮತ್ತು ಸಂಗಡಿಗರು 1974ರಲ್ಲಿ ಮೂರು ಆಯಾಮಗಳ ಉಗಿ ಮಾದರಿಯನ್ನು ಪ್ರಕಟಿಸಿ ಈ ಬಾಗಿಲನ್ನು ತೆರೆದರು. ಕ್ಯಾಲ್ಗರಿಯಲ್ಲಿ ಖಾಲಿದ್ ಅಜೀಜ್ 1978ರಲ್ಲಿ ಆಲ್ಬರ್ಟಾ ಸರ್ಕಾರದ ನೆರವಿನಿಂದ ಕಂಪ್ಯೂಟರ್ ಮಾಡೆಲಿಂಗ್ ಗ್ರೂಪ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದು ರೂಪಿಸಿದ ಸ್ಟಾರ್ಸ್ ಎಂಬ ತಂತ್ರಾಂಶ ಮಂದ ತೈಲದ ಲೆಕ್ಕಗಳಿಗೆ ಜಗತ್ತಿನಾದ್ಯಂತ ಬಳಕೆಗೆ ಬಂದಿತು. 1979ರಲ್ಲಿ ಅಜೀಜ್ ಮತ್ತು ಆಂಟೊನಿನ್ ಸೆಟಾರಿ ಬರೆದ ಪಠ್ಯಗ್ರಂಥ ಒಂದು ತಲೆಮಾರಿನ ಎಂಜಿನಿಯರುಗಳನ್ನು ತಯಾರು ಮಾಡಿತು. ಬೇರೆ ಬೇರೆ ಸಂಸ್ಥೆಗಳ ತಂತ್ರಾಂಶಗಳು ಒಂದೇ ಸಮಸ್ಯೆಗೆ ಒಂದೇ ಉತ್ತರ ಕೊಡುತ್ತವೆಯೇ ಎಂದು ತಾಳೆ ನೋಡುವ ಪರಿಪಾಠವೂ ಹುಟ್ಟಿಕೊಂಡು, ಉಗಿ ತುಂಬುವಿಕೆಯ ಸಮಸ್ಯೆಗಳ ಮೇಲಿನ ಅಂಥ ಹೋಲಿಕೆ 1987ರಲ್ಲಿ ಪ್ರಕಟವಾಯಿತು.

ಈ ಮಾದರಿಗಳ ಜೊತೆಗೆ ಬಂದ ಒಂದು ಕಸುಬಿಗೆ ಇತಿಹಾಸ ಹೊಂದಾಣಿಕೆ ಎಂದು ಹೆಸರು. ಕ್ಷೇತ್ರದಿಂದ ಈಗಾಗಲೇ ಬಂದಿರುವ ತೈಲ, ನೀರು, ಒತ್ತಡಗಳ ದಾಖಲೆಯನ್ನು ಮಾದರಿ ಮರಳಿ ಕೊಡುವ ತನಕ ಅದರೊಳಗಿನ ಪಾರಗಮ್ಯತೆ ಮುಂತಾದ ಅಂಕಿಗಳನ್ನು ತಿದ್ದುತ್ತ ಹೋಗುವುದು, ಹೊಂದಿದ ಬಳಿಕ ಅದೇ ಮಾದರಿಯನ್ನು ಭವಿಷ್ಯದತ್ತ ಓಡಿಸುವುದು ಇದರ ಕ್ರಮ. ಇಲ್ಲಿರುವ ಅಪಾಯವೆಂದರೆ, ಒಂದಕ್ಕೊಂದು ಹೋಲದ ಹಲವು ಅಂಕಿಗಳ ಗುಂಪುಗಳು ಅದೇ ಹಿಂದಿನ ದಾಖಲೆಗೆ ಹೊಂದಿಕೊಳ್ಳಬಲ್ಲವು, ಆದರೆ ಅವು ಹೇಳುವ ಭವಿಷ್ಯ ಬೇರೆ ಬೇರೆ. ದಾಖಲೆಗೆ ಹೊಂದಿದ ಮಾತ್ರಕ್ಕೆ ಮಾದರಿ ನೆಲವನ್ನು ಅರಿತಿದೆಯೆಂದು ಹೇಳುವಂತಿಲ್ಲ.

ಮಾದರಿಗೂ ನೆಲಕ್ಕೂ ನಡುವಿನ ಆ ಅಂತರ ಮೊದಲು ಕಾಣಿಸಿಕೊಂಡದ್ದು ಜೇಡಿಯ ಪದರಗಳಲ್ಲಿ. ಅಥಾಬಾಸ್ಕಾದ ಬಿಟುಮೆನ್ ಹಿಡಿದಿರುವ ಮೆಕ್‌ಮರೆ ಶಿಲಾಸ್ತರ ಪುರಾತನ ನದಿಗಳೂ ಅಳಿವೆಗಳೂ ಹಾಸಿದ್ದು. ಅದರಲ್ಲಿ ಶುದ್ಧ ಮರಳಿನ ನಡುವೆ ಓರೆಯಾಗಿ ಬಿದ್ದ ಜೇಡಿಯ ಪೊರೆಗಳಿವೆ. ಕೆಲವೇ ಸೆಂಟಿಮೀಟರ್ ದಪ್ಪದ ಇಂಥ ಪೊರೆ ಗಣಕದ ದೊಡ್ಡ ಚೌಕದಲ್ಲಿ ಸರಾಸರಿಯಾಗಿ ಕರಗಿಹೋಗುತ್ತದೆ, ನೆಲದಲ್ಲಾದರೋ ಅದು ಉಗಿಯ ಏರಿಕೆಯನ್ನು ವರ್ಷಗಟ್ಟಲೆ ತಡೆಯಬಲ್ಲದು. ಎರಡನೆಯ ಪಾಠ ಇನ್ನೂ ಕಠಿಣವಾಗಿತ್ತು. 2006ರ ಮೇ 18ರಂದು ಆಲ್ಬರ್ಟಾದ ಜೋಸ್ಲಿನ್ ಯೋಜನೆಯಲ್ಲಿ, ಹೆಚ್ಚು ಆಳವಿಲ್ಲದ ಪದರಕ್ಕೆ ತುಂಬಿದ ಉಗಿ ಮೇಲಿನ ಮುಚ್ಚುಶಿಲೆಯನ್ನು ಭೇದಿಸಿ, ನೆಲದಲ್ಲಿ ನೂರು ಮೀಟರಿಗೂ ಹೆಚ್ಚು ಅಗಲದ ಕುಳಿಯನ್ನು ತೆರೆದು, ಕಲ್ಲುಮಣ್ಣನ್ನು ದೂರದವರೆಗೆ ಎರಚಿತು. ಶಿಲೆ ಅಲುಗಾಡದೆ ನಿಂತಿರುತ್ತದೆ, ದ್ರವ ಮಾತ್ರ ಚಲಿಸುತ್ತದೆ ಎಂಬ ಊಹೆಯ ಮೇಲೆ ಕಟ್ಟಿದ ಲೆಕ್ಕಕ್ಕೆ ಇಂಥ ಘಟನೆ ಕಾಣುವುದೇ ಇಲ್ಲ. ಶಾಖಕ್ಕೆ ಮರಳು ಉಬ್ಬುವುದು, ಒತ್ತಡಕ್ಕೆ ಕಣಗಳು ಸರಿಯುವುದು, ಮುಚ್ಚುಶಿಲೆ ಬಿರಿಯುವುದು ಇವನ್ನು ಹರಿವಿನ ಲೆಕ್ಕದೊಂದಿಗೆ ಹೆಣೆಯುವ ಶಿಲಾಯಾಂತ್ರಿಕ ಮಾದರಿಗಳು ಆ ಬಳಿಕ ಐಚ್ಛಿಕವಾಗಿ ಉಳಿಯಲಿಲ್ಲ. ಮುಚ್ಚುಶಿಲೆಯ ಬಲದ ಪುರಾವೆಯನ್ನು ನಿಯಂತ್ರಕರೇ ಕೇಳತೊಡಗಿದರು.

ಭಾರತದಲ್ಲಿ ಇದೇ ಸಮಸ್ಯೆ ಬೇರೊಂದು ಪರಿಹಾರ ಪಡೆಯಿತು. ಗುಜರಾತಿನ ಮೆಹ್ಸಾಣಾ ಪ್ರದೇಶದ ಬಾಲೋಲ್, ಸಂತಾಲ್, ಲಾನ್ವಾ, ಬೇಚರಾಜಿ ಕ್ಷೇತ್ರಗಳ ಮಂದ ತೈಲ ಸುಮಾರು 1000 ಮೀಟರ್ ಆಳದಲ್ಲಿದೆ. ಅಷ್ಟು ಆಳಕ್ಕೆ ಇಳಿಯುವಷ್ಟರಲ್ಲಿ ಉಗಿಯ ಶಾಖದ ಗಣನೀಯ ಭಾಗ ಬಾವಿಯ ಗೋಡೆಗಳಿಗೆ ಸೋರುತ್ತದೆ; ಪದರದ ಒತ್ತಡ ಹೆಚ್ಚಾಗಿರುವುದರಿಂದ ಉಗಿ ಉಗಿಯಾಗಿ ಉಳಿಯುವುದೂ ದುಬಾರಿ; ಪಕ್ಕದಿಂದ ನುಗ್ಗುವ ನೀರು ತೈಲವನ್ನು ಹಿಂದೆ ಬಿಟ್ಟು ಬಾವಿ ಸೇರುತ್ತದೆ. ಆದುದರಿಂದ ತೈಲ ಮತ್ತು ನೈಸರ್ಗಿಕ ಅನಿಲ ನಿಗಮ ಆರಿಸಿಕೊಂಡದ್ದು ಸ್ಥಳದಲ್ಲೇ ಉರಿಸುವ ವಿಧಾನವನ್ನು. ಬಾವಿಯೊಂದರ ಮೂಲಕ ಒತ್ತಡದಲ್ಲಿ ಗಾಳಿ ತುಂಬಿ ಪದರದೊಳಗೆ ಕಿಚ್ಚು ಹೊತ್ತಿಸಿದರೆ, ತೈಲದ ಅತಿ ಭಾರದ ಭಾಗ ಇದ್ದಲಿನಂತಾಗಿ ಉರಿದು ಶಾಖ ಕೊಡುತ್ತದೆ, ಮುಂದಿನ ತೈಲ ಆ ಶಾಖಕ್ಕೆ ತೆಳುವಾಗಿ ಇತರ ಬಾವಿಗಳತ್ತ ಸಾಗುತ್ತದೆ. ರುಮೇನಿಯಾದ ಸುಪ್ಲಾಕು ದೆ ಬರ್ಕೌ ಕ್ಷೇತ್ರದಲ್ಲಿ 1964ರಿಂದ ಈ ವಿಧಾನ ನಡೆದುಬಂದಿತ್ತು. ಬಾಲೋಲ್‌ನಲ್ಲಿ 1990ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಉರಿ, 1997ರಲ್ಲಿ ವಾಣಿಜ್ಯ ಪ್ರಮಾಣಕ್ಕೆ ಏರಿತು. ದಕ್ಕುವ ಪಾಲನ್ನು ಎರಡು ಮೂರು ಪಟ್ಟು ಹೆಚ್ಚಿಸುವುದು ಯೋಜನೆಯ ಅಂದಾಜಾಗಿತ್ತು.

ಉರಿಯ ವಿಧಾನವನ್ನು ಮಾದರಿಗೆ ಇಳಿಸುವುದು ಉಗಿಯದಕ್ಕಿಂತ ಕಷ್ಟ. ಅಹಮದಾಬಾದಿನಲ್ಲಿರುವ ನಿಗಮದ ತೈಲಾಶಯ ಅಧ್ಯಯನ ಸಂಸ್ಥೆ ಇದಕ್ಕೆ ದಹನ ನಳಿಕೆಯ ಪ್ರಯೋಗಗಳನ್ನು ಬಳಸಿತು: ಕ್ಷೇತ್ರದ ಮರಳನ್ನೂ ತೈಲವನ್ನೂ ನೀರನ್ನೂ ಉಕ್ಕಿನ ನಳಿಕೆಯಲ್ಲಿ ತುಂಬಿ, ಒಂದು ತುದಿಗೆ ಕಿಚ್ಚಿಟ್ಟು ಗಾಳಿ ಹಾಯಿಸಿ, ಉರಿಯ ಮುಂಚೂಣಿ ಸಾಗುವಾಗ ನಳಿಕೆಯುದ್ದಕ್ಕೂ ಉಷ್ಣತೆಯನ್ನು ಅಳೆದು, ಒಂದು ಘನ ಮೀಟರ್ ಪದರ ಉರಿಯಲು ಎಷ್ಟು ಇಂಧನ, ಎಷ್ಟು ಗಾಳಿ ಬೇಕೆಂದು ಕಂಡುಕೊಳ್ಳುವುದು ಇದರ ರೀತಿ. ತೊಂದರೆ ಆರಂಭವಾಗುವುದು ಈ ಅಂಕಿಗಳನ್ನು ಗಣಕಕ್ಕೆ ಕೊಡುವಾಗ. ನಿಜವಾದ ಉರಿಯ ಅಂಚಿನ ದಪ್ಪ ಸೆಂಟಿಮೀಟರ್‌ಗಳ ಲೆಕ್ಕದ್ದು. ಕ್ಷೇತ್ರದ ಮಾದರಿಯ ಚೌಕವಾದರೋ ಹತ್ತಾರು ಮೀಟರ್ ಅಗಲದ್ದು. ಚೌಕದ ಸರಾಸರಿ ಉಷ್ಣತೆ ಎಂದಿಗೂ ಉರಿಯುವ ಮಟ್ಟಕ್ಕೇರದ ಕಾರಣ, ನೆಲದಲ್ಲಿ ಉರಿಯುತ್ತಿರುವ ಕಿಚ್ಚು ಗಣಕದಲ್ಲಿ ಆರಿಹೋಗುತ್ತದೆ. ರಾಸಾಯನಿಕ ಕ್ರಿಯೆಯ ವೇಗಗಳನ್ನು ತಿದ್ದಿಯೋ ಚೌಕಗಳನ್ನು ಅಂಚಿನ ಬಳಿ ಮಾತ್ರ ಒಡೆದೋ ಈ ದೋಷವನ್ನು ಮರೆಮಾಡುವ ಉಪಾಯಗಳಿವೆಯಾದರೂ, ಉರಿ ಎಲ್ಲಿಯವರೆಗೆ ತಲುಪಿದೆಯೆಂಬುದಕ್ಕೆ ಬಾವಿಗಳಿಂದ ಹೊರಬರುವ ಅನಿಲಗಳ ವಿಶ್ಲೇಷಣೆಯೇ ಇಂದಿಗೂ ಹೆಚ್ಚು ನಂಬಿಕೆಯ ಸಾಕ್ಷಿ. ಭಾರತದಲ್ಲಿ ಉಗಿಯ ಪ್ರಯೋಗವೂ ನಡೆದಿದೆ: ರಾಜಸ್ಥಾನದ ಬಾಗೇವಾಲಾದಲ್ಲಿ ಆಯಿಲ್ ಇಂಡಿಯಾ ಸಂಸ್ಥೆ 1991ರಲ್ಲಿ ಪತ್ತೆ ಮಾಡಿದ ಮಂದ ತೈಲಕ್ಕೆ ಆವರ್ತಕ ಉಗಿ ವಿಧಾನವನ್ನು ಪ್ರಯೋಗಿಸಲಾಗಿದೆ.

ಇತ್ತೀಚಿನ ದಶಕಗಳಲ್ಲಿ ಮಾದರಿಗೆ ಕೇಳುವ ಪ್ರಶ್ನೆಯೂ ಬದಲಾಗಿದೆ. ಒಂದು ಪೀಪಾಯಿ ಬಿಟುಮೆನ್ ಎತ್ತಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ಪೀಪಾಯಿ ನೀರನ್ನು ಉಗಿಯಾಗಿಸಬೇಕು. ಅದಕ್ಕೆ ಉರಿಸುವ ನೈಸರ್ಗಿಕ ಅನಿಲದ ವೆಚ್ಚವೂ ಅದರಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡಿನ ಹೊರೆಯೂ ಈ ಉದ್ಯಮದ ಮೇಲಿನ ಮುಖ್ಯ ಆಕ್ಷೇಪಗಳು. ಎಷ್ಟು ತೈಲ ದಕ್ಕುತ್ತದೆ ಎಂಬುದರ ಜೊತೆಗೆ ಎಷ್ಟು ಉಗಿಗೆ ದಕ್ಕುತ್ತದೆ ಎಂಬುದನ್ನೂ ಲೆಕ್ಕ ಹೇಳಬೇಕಾಗಿದೆ. ಬಟ್ಲರ್ ಮತ್ತು ಮೊಕ್ರಿಸ್ 1991ರಲ್ಲಿಯೇ ಉಗಿಯ ಬದಲು ಹಗುರ ಹೈಡ್ರೋಕಾರ್ಬನ್ನುಗಳ ಆವಿಯಿಂದ ಬಿಟುಮೆನ್ನನ್ನು ತೆಳುಗೊಳಿಸುವ ವಿಧಾನವನ್ನು ಪ್ರಸ್ತಾಪಿಸಿದ್ದರು. ಪೆಟ್ಟಿಗೆಯಲ್ಲಿ ಆಶಾದಾಯಕವಾಗಿ ಕಂಡ ಆ ವಿಧಾನ ಕ್ಷೇತ್ರದಲ್ಲಿ ಅಷ್ಟು ಬೇಗ ಫಲ ಕೊಡಲಿಲ್ಲ, ಉಗಿಯೊಂದಿಗೆ ಸ್ವಲ್ಪ ದ್ರಾವಕ ಬೆರೆಸುವ ಮಧ್ಯಮ ಮಾರ್ಗ ಮಾತ್ರ ಮುಂದುವರಿಯಿತು.

ಒಂದೂವರೆ ಶತಮಾನದ ಈ ದಾರಿಯನ್ನು ಒಟ್ಟಾಗಿ ನೋಡಿದಾಗ, ದಕ್ಕುವ ಪಾಲು ನಿಜವಾಗಿ ಹೆಚ್ಚಿದ್ದು ಯಂತ್ರಗಳ ಲೆಕ್ಕದ ವೇಗ ಹೆಚ್ಚಿದಾಗಲ್ಲ, ಮಾದರಿಯನ್ನು ನೆಲದ ಅಳತೆಯೊಂದಿಗೆ ಮುಖಾಮುಖಿ ನಿಲ್ಲಿಸಿದಾಗ ಎಂಬುದು ಸ್ಪಷ್ಟ. ಬಟ್ಲರನ ಸಮೀಕರಣ ಕೈಲೆಕ್ಕಕ್ಕೂ ಒದಗುವಷ್ಟು ಸರಳವಾಗಿತ್ತು. ಅದನ್ನು ಉದ್ಯಮವಾಗಿಸಿದ್ದು ಸುರಂಗದಿಂದ ಕೊರೆದ ಬಾವಿಗಳ ಸುತ್ತ ಇಳಿಸಿದ ಉಷ್ಣಮಾಪಕಗಳು ಮತ್ತು ಲಾಭದ ಖಾತರಿಯಿಲ್ಲದೆಯೂ ಅವುಗಳಿಗೆ ಹಣ ತೊಡಗಿಸಿದ ಒಂದು ಸರ್ಕಾರ. ಜೋಸ್ಲಿನ್‌ನಲ್ಲಿ ಕೊರತೆಯಾದದ್ದು ಮುಚ್ಚುಶಿಲೆಯ ತಿಳಿವಳಿಕೆ. ಮೆಹ್ಸಾಣಾದಲ್ಲಾಗಲಿ ಬಾಗೇವಾಲಾದಲ್ಲಾಗಲಿ ಮುಂದಿನ ಹಂತವನ್ನು ಯೋಜಿಸುವವರು ಹೊಸ ತಂತ್ರಾಂಶಕ್ಕೆ ಹಣ ತೆಗೆದಿಡುವಾಗ, ಶಿಲೆಯ ಮಾದರಿಗಳನ್ನು ಕೊರೆದು ತೆಗೆಯುವುದಕ್ಕೂ ವೀಕ್ಷಣಾ ಬಾವಿಗಳಿಗೂ ಅದಕ್ಕಿಂತ ಮೊದಲೇ ಹಣ ತೆಗೆದಿಡಬೇಕು.